ಅಪ್ಪನ ಮನೆಯ ಹಾವು, ಅಮ್ಮನ ಮನೆಯ ಫ್ರಿಜ್

ಕಾಸರಗೋಡು: ಗಂಡ ಹೆಂಡತಿ ಬೇರೆಯಾದಾಗ ಮನೆ, ಚಿನ್ನ, ಬ್ಯಾಂಕ್ ಸಾಲ, ಮಗುವಿನ ಶಾಲೆ ಫೀಸು ಇವುಗಳ ಮೇಲೆ ಜಗಳ ಆಗುವುದು ಹೊಸತಲ್ಲ. ನಾಯಿ, ಬೆಕ್ಕಿನ ಮೇಲೂ ಆಗುತ್ತದೆ. ಹಾವಿನ ಮೇಲೆ ಆದರೆ? ಅದೂ ಮಗು ಪ್ರೀತಿಯಿಂದ ಸಾಕಿದ ಹಾವು, ಅಪ್ಪ ಗಡಿಯ ಆಚೆ, ಅಮ್ಮ ಈಚೆ ಅಂತಾದರೆ?

ಇಂಥದೊಂದು ಮನೆಯನ್ನು ಊಹಿಸಿಕೊಳ್ಳಿ. ಅಪ್ಪನಿಗೆ ಮಂಗಳೂರಿನಲ್ಲಿ ಕೆಲಸ, ಅಲ್ಲೇ ಫ್ಲ್ಯಾಟ್. ಅಮ್ಮ ಮಗಳನ್ನು ಕರಕೊಂಡು ಕುಂಬಳೆ ಕಡೆಯ ತವರಿಗೆ ಬಂದಿದ್ದಾರೆ. ಮಗಳಿಗೆ 11 ವರ್ಷ. ಹದಿನೈದು ದಿನಕ್ಕೊಮ್ಮೆ ಶನಿವಾರ ತಲಪಾಡಿ ದಾಟಿ ಅಪ್ಪನಲ್ಲಿಗೆ ಹೋಗುತ್ತಾಳೆ. ಹುಟ್ಟುಹಬ್ಬಕ್ಕೆ ಅಪ್ಪ ಕೊಡಿಸಿದ್ದು ಬಾಲ್ ಪೈಥಾನ್ ಎಂಬ ವಿದೇಶಿ ಹೆಬ್ಬಾವಿನ ಮರಿ. ಭಾನುವಾರ ಸಂಜೆ ವಾಪಸ್ ಹೊರಡುವಾಗ ಅವಳದು ಒಂದೇ ಹಠ: "ಅದನ್ನೂ ಕರಕೊಂಡು ಹೋಗೋಣ."

ಅಲ್ಲಿಂದ ಶುರು. "ಮಗುವಿನ ಖುಷಿ ನಿನಗೆ ಬೇಡವಾ?" ಎಂದು ಅಪ್ಪ. "ನನ್ನನ್ನು ಒಂದು ಮಾತು ಕೇಳದೆ ತಂದದ್ದು ಯಾಕೆ?" ಎಂದು ಅಮ್ಮ. ಚಾವಡಿಯಲ್ಲಿ ಕೂತ ಅಜ್ಜಿಯದು ಮೂರನೇ ಮಾತು: "ನಾಗಬನ ಇರುವ ಮನೆ ಇದು. ಹಾವನ್ನು ಪೆಟ್ಟಿಗೆಯಲ್ಲಿ ಹಾಕಿ ಇಡುವುದಾ? ಎಂತ ಮಾತು ಅಂತ ಆಡ್ತೀರಿ ನೀವು!"

ಮೂವರ ಮಾತಲ್ಲೂ ಒಂದಷ್ಟು ನ್ಯಾಯ ಉಂಟು. ಹಾಗಾಗಿಯೇ ಇದು ಬೇಗ ಬಗೆಹರಿಯುವ ಜಗಳ ಅಲ್ಲ.

ಎಂಥ ಹಾವು ಇದು?

ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು. ವಿಷ ಇಲ್ಲ. ಬೆಳೆದರೆ ಹೆಚ್ಚಾಗಿ ಮೂರರಿಂದ ಐದು ಅಡಿ. ಹೆದರಿದಾಗ ತಲೆಯನ್ನು ಒಳಗೆ ಹುದುಗಿಸಿ ಚೆಂಡಿನ ಹಾಗೆ ಸುರುಟಿಕೊಳ್ಳುತ್ತದೆ. ಹೆಸರು ಬಂದದ್ದೇ ಹಾಗೆ. ಸ್ವಭಾವ ಸಾಧು, ಗಲಾಟೆ ಇಲ್ಲ. ಲೋಕದಾದ್ಯಂತ ಮಕ್ಕಳ ಕೈಗೆ ಇದು ಬರಲು ಅದೇ ಕಾರಣ.

ಆಯುಷ್ಯ ಮಾತ್ರ ಅಂಗಡಿಯವರು ಹೇಳುವುದಕ್ಕಿಂತ ಉದ್ದ. ಸರಿಯಾಗಿ ನೋಡಿಕೊಂಡರೆ 20ರಿಂದ 30 ವರ್ಷ ಬದುಕುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 60 ದಾಟಿದ ಹೆಣ್ಣೊಂದು 2020ರಲ್ಲಿ ಮೊಟ್ಟೆ ಇಟ್ಟು ಸುದ್ದಿಯಾಗಿತ್ತು. ಅಂದರೆ ಹನ್ನೊಂದರ ಹುಡುಗಿಗೆ ಕೊಡಿಸಿದ ಹಾವು ಅವಳ ಕಾಲೇಜು, ಕೆಲಸ, ಮದುವೆ ಎಲ್ಲ ಕಳೆದು ನಲ್ವತ್ತರ ಹತ್ತಿರಕ್ಕೆ ಜೊತೆಗೆ ಬರಬಹುದು. ಅವಳು ಹಾಸ್ಟೆಲಿಗೆ ಹೋದ ದಿನ ಇಲಿ ಕೊಡುವುದು ಯಾರು? ಹುಟ್ಟುಹಬ್ಬದ ದಿನ ಈ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ.

ಇಲಿ ಅಂದೆವಲ್ಲ, ಜಗಳದ ನಿಜವಾದ ಜಾಗ ಅದು. ಇದರ ಆಹಾರ ಇಲಿಯೇ. ಮರಿಗೆ ವಾರಕ್ಕೊಂದು, ದೊಡ್ಡದಕ್ಕೆ ಎರಡು ವಾರಕ್ಕೋ ಇನ್ನೂ ತಡವಾಗಿಯೋ ಒಂದು. ಜೀವಂತ ಇಲಿ ಹಾಕಿದರೆ ಅದು ತಿರುಗಿ ಹಾವನ್ನೇ ಕಚ್ಚಿ ಗಾಯ ಮಾಡುವುದುಂಟು. ಆದ್ದರಿಂದ ಸತ್ತ ಇಲಿಯನ್ನು ಐಸ್ ಆಗಿಸಿ ಇಟ್ಟು, ಬೇಕಾದಾಗ ಐಸ್ ಬಿಡಿಸಿ ಬೆಚ್ಚಗೆ ಮಾಡಿ ಕೊಡುವುದು ವಾಡಿಕೆ. ಐಸ್ ಆಗಿಸುವುದು ಎಲ್ಲಿ? ಮನೆಯ ಫ್ರಿಜ್ಜಿನಲ್ಲಿ. ಕೆಳಗಿನ ತಟ್ಟೆಯಲ್ಲಿ ದೋಸೆ ಹಿಟ್ಟು, ತೆಂಗಿನತುರಿ. ಮೇಲಿನ ಫ್ರೀಜರಿನಲ್ಲಿ ಪ್ಲಾಸ್ಟಿಕ್ ಸುತ್ತಿದ ಇಲಿ. ಮೊಟ್ಟೆಯನ್ನೂ ಒಳಗೆ ತರದ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಬೇರೆ ಸಣ್ಣ ಫ್ರೀಜರ್ ಇಡುವ ತನಕ ಅಜ್ಜಿಯನ್ನು ಒಪ್ಪಿಸುವುದು ಸಾಧ್ಯವಿಲ್ಲ. ಅಜ್ಜಿಯ ಅಡುಗೆಮನೆಯಲ್ಲಿ ಅಜ್ಜಿಯ ಮಾತೇ ನಡೆಯಬೇಕಾದ್ದೂ ನ್ಯಾಯವೇ.

ಶನಿವಾರ ಭಾನುವಾರದ ಪ್ರಯಾಣ

ಮಗು ಹೋದಲ್ಲಿಗೆ ಹಾವೂ ಹೋಗಲಿ ಎಂಬುದು ಕೇಳಲು ಚಂದ. ಹಾವಿಗೆ ಅದು ಚಂದ ಅಲ್ಲ. ಇಲಿ ನುಂಗಿದ ಮೇಲೆ ಎರಡು ದಿನವಾದರೂ ಅದನ್ನು ಮುಟ್ಟಬಾರದು. ಕುಲುಕಾಡಿಸಿದರೆ ತಿಂದದ್ದನ್ನು ಕಕ್ಕುತ್ತದೆ. ಇದಕ್ಕೆ ಪೆಟ್ಟಿಗೆಯ ಒಂದು ಬದಿ 30ರಿಂದ 32 ಡಿಗ್ರಿ ಬೆಚ್ಚಗೆ, ಇನ್ನೊಂದು ಬದಿ ಸ್ವಲ್ಪ ತಂಪು ಇರಬೇಕು. ಮೈಯ ಬಿಸಿ ಬೇಕಾದಾಗ ಇತ್ತ, ಬೇಡವಾದಾಗ ಅತ್ತ ಸರಿಯುವುದು ಅದರ ಕ್ರಮ. ಅಡಗಿ ಕೂರಲು ಕತ್ತಲ ಗೂಡೂ ಬೇಕು. ಬಟ್ಟೆಚೀಲದಲ್ಲಿ ಹಾಕಿ, ಬೆಂಚಿಗೆ ಮೂವರು ಕೂತ ಬಸ್ಸಿನಲ್ಲಿ ತರುವ ಪ್ರಾಣಿ ಇದಲ್ಲ.

ಜಾಗ ಬದಲಾದ ಕೂಡಲೇ ಈ ಹಾವು ಊಟ ಬಿಡುವುದು ಸಾಮಾನ್ಯ. ಚಳಿಗಾಲದಲ್ಲಂತೂ ಕೆಲವು ತಿಂಗಳುಗಟ್ಟಲೆ ತಿನ್ನುವುದಿಲ್ಲ. ಆರೋಗ್ಯವಾಗಿದ್ದು ತೂಕ ಹೆಚ್ಚು ಇಳಿಯದಿದ್ದರೆ ಅದಕ್ಕೆ ಗಾಬರಿ ಬೇಡ. ಆದರೆ ಬೇರೆಯಾದ ಮನೆಗಳಲ್ಲಿ ಅದು ಬೇರೆಯೇ ಅರ್ಥ ಪಡೆಯುತ್ತದೆ. "ನಿಮ್ಮಲ್ಲಿಗೆ ಬಂದ ಮೇಲೆ ಉಪವಾಸ" ಅಂತ ಇವರು, "ಇಲ್ಲಿ ಚೆನ್ನಾಗೇ ತಿಂತಿತ್ತು" ಅಂತ ಅವರು. ಮಗುವಿನ ಬಗ್ಗೆಯೂ ಇದೇ ಮಾತು ಎರಡೂ ಕಡೆ ಆಡಿ ಅಭ್ಯಾಸವಾಗಿರುತ್ತದೆ ನೋಡಿ.

ಅಮ್ಮನ ಇನ್ನೊಂದು ಹೆದರಿಕೆಯನ್ನು ತಳ್ಳಿಹಾಕುವ ಹಾಗಿಲ್ಲ. ಹಾವು, ಆಮೆ, ಹಲ್ಲಿ ಜಾತಿಯ ಪ್ರಾಣಿಗಳ ಮೈಯಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಹಾವಿಗೆ ಅದರಿಂದ ಏನೂ ಆಗದು, ಮನುಷ್ಯರಿಗೆ ಭೇದಿ, ಜ್ವರ ಬರುತ್ತದೆ. ಐದು ವರ್ಷದೊಳಗಿನ ಮಕ್ಕಳು ಇಂಥ ಪ್ರಾಣಿಗಳನ್ನು ಮುಟ್ಟದಿರುವುದು ಒಳ್ಳೆಯದೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವೇ ಹೇಳುತ್ತದೆ. ತವರಿನಲ್ಲಿ ಅಣ್ಣನ ಪುಟ್ಟ ಮಗು ಇದ್ದರೆ ಅಮ್ಮ ಬೇಡ ಅನ್ನುವುದು ಹಠಕ್ಕಲ್ಲ. ಹಾವು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು, ಅಡುಗೆಮನೆಯ ಸಿಂಕಿನಲ್ಲಿ ಅದರ ನೀರಿನ ಬಟ್ಟಲು ತೊಳೆಯದಿರುವುದು ಯಾವ ಮನೆಯಲ್ಲಾದರೂ ಕಡ್ಡಾಯ.

ಗಡಿ ದಾಟಿದರೆ ಎರಡು ಇಲಾಖೆ

ಕಾನೂನಿನ ಮಾತಿಗೆ ಬರೋಣ. ಇದನ್ನು ಬಹಳ ಜನ ತಪ್ಪು ತಿಳಿದಿದ್ದಾರೆ. ನಮ್ಮ ತೋಟ, ಗದ್ದೆಯಲ್ಲಿ ಸಿಗುವ ಯಾವ ಹಾವನ್ನೂ ಸಾಕುವಂತಿಲ್ಲ. ಊರಿನ ಹೆಬ್ಬಾವು, ಮಲಯಾಳದವರ ಪೆರುಂಬಾಂಬು, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೇ ಪರಿಶಿಷ್ಟದಲ್ಲಿದೆ. ಹಿಡಿದಿಟ್ಟುಕೊಂಡರೆ ಕನಿಷ್ಠ ಮೂರು, ಗರಿಷ್ಠ ಏಳು ವರ್ಷ ಜೈಲು, ಜೊತೆಗೆ ದಂಡ. "ಅಡಕೆ ತೋಟದಲ್ಲಿ ಮರಿ ಸಿಕ್ಕಿತು, ಮಗು ಆಸೆಪಟ್ಟಿತು" ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಬಾಲ್ ಪೈಥಾನಿನ ಲೆಕ್ಕ ಬೇರೆ. ಅದು ನಮ್ಮ ದೇಶದ ಪ್ರಾಣಿ ಅಲ್ಲ, ಆದರೆ ಪ್ರಾಣಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್ ಪಟ್ಟಿಯಲ್ಲಿದೆ. 2020ರ ಜೂನ್‌ನಲ್ಲಿ ಕೇಂದ್ರ ಸರಕಾರ ಇಂಥ ಪ್ರಾಣಿ ಇಟ್ಟುಕೊಂಡವರು ತಾವಾಗಿ ಹೇಳಿಕೊಳ್ಳಲಿ ಎಂದು ಅವಕಾಶ ಕೊಟ್ಟಿತ್ತು. 2022ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 49ಎಂ ಕಲಮಿನ ಪ್ರಕಾರ ಪಟ್ಟಿಯ ವಿದೇಶಿ ಪ್ರಾಣಿ ಯಾರ ಬಳಿ ಇದೆಯೋ ಅವರು ನೋಂದಾಯಿಸಬೇಕು. ಕೈ ಬದಲಾದರೆ ತಿಳಿಸಬೇಕು, ಮರಿ ಹಾಕಿದರೂ ಸತ್ತರೂ ತಿಳಿಸಬೇಕು. 2024ರ ಫೆಬ್ರವರಿಯಲ್ಲಿ ಅದರ ನಿಯಮ ಹೊರಬಂದು, ಮೊದಲೇ ಸಾಕಿದವರಿಗೆ ಆರು ತಿಂಗಳ ಗಡುವು ಸಿಕ್ಕಿತ್ತು. ಅರ್ಜಿ ಹಾಕುವುದು ಪರಿವೇಶ್ ಪೋರ್ಟಲಿನಲ್ಲಿ. ಅದನ್ನು ನೋಡುವವರು ಆಯಾ ರಾಜ್ಯದ ಮುಖ್ಯ ವನ್ಯಜೀವಿ ವಾರ್ಡನ್.

ಆಯಾ ರಾಜ್ಯದ. ಗಡಿನಾಡಿನವರಿಗೆ ತಲೆನೋವು ಈ ಒಂದು ಪದದಲ್ಲಿದೆ. ಅಪ್ಪ ಮಂಗಳೂರಿನಲ್ಲಿ ನೋಂದಾಯಿಸಿದರೆ ದಾಖಲೆ ಕರ್ನಾಟಕದ್ದು. ಹಾವು ಕುಂಬಳೆಯಲ್ಲಿ ಕಾಯಂ ಇರುವುದಾದರೆ ಕೇರಳದ ಇಲಾಖೆಯ ಪ್ರಶ್ನೆ ಏಳುತ್ತದೆ. ತಲಪಾಡಿಯಲ್ಲಿ ಯಾರೋ ಡಿಕ್ಕಿ ತೆಗೆಸಿ ನೋಡಿದರೆ, ಊರ ಹೆಬ್ಬಾವಿಗೂ ಇದಕ್ಕೂ ವ್ಯತ್ಯಾಸ ಗೊತ್ತಾಗದೆ ಮಗುವಿನ ಎದುರೇ ಪೊಲೀಸು, ಫಾರೆಸ್ಟು ಅಂತ ಆದೀತು. ಒಯ್ಯಲೇಬೇಕಾದರೆ ಎರಡೂ ಕಡೆಯ ಇಲಾಖೆಗೆ ಮೊದಲೇ ಬರೆದು ಕೇಳಿ, ನೋಂದಣಿ ಪತ್ರ ಜೊತೆಗಿಟ್ಟುಕೊಳ್ಳುವುದು ಕ್ಷೇಮ.

ಇನ್ನೊಂದು ಸೂಕ್ಷ್ಮ ಉಂಟು. ನೋಂದಣಿ ಇಲ್ಲದ ಹಾವು ಅಂದರೆ ಎದುರಾಳಿಯ ಕೈಗೆ ಕೊಟ್ಟ ಬೆತ್ತ. ಕೋಪದಲ್ಲಿ ಒಬ್ಬರು ಇಲಾಖೆಗೆ ಒಂದು ಫೋನ್ ಮಾಡಿದರೆ ಸಾಕು. ಹಾವು ಹೋಗುತ್ತದೆ, ಕೇಸೂ ಬೀಳುತ್ತದೆ. ಫೋನ್ ಮಾಡಿದ್ದು ಅಮ್ಮನೋ ಅಪ್ಪನೋ ಎಂದು ಮಗುವಿಗೆ ಒಂದಲ್ಲ ಒಂದು ದಿನ ಗೊತ್ತಾಗುತ್ತದೆ.

ಕೋರ್ಟಿನಲ್ಲಿ ಹಾವು ಯಾರದು?

ನಮ್ಮ ದೇಶದ ವಿಚ್ಛೇದನ ಕಾನೂನುಗಳಲ್ಲಿ ಸಾಕುಪ್ರಾಣಿ ಯಾರಿಗೆ ಸೇರಬೇಕು ಎಂಬ ಕಲಮು ಇಲ್ಲ. ಟಿವಿ, ಸ್ಕೂಟರಿನ ಹಾಗೆ ಅದೂ ಒಂದು ಸೊತ್ತು. ಹೊರದೇಶಗಳಲ್ಲಿ ಇದು ಬದಲಾಗುತ್ತಿದೆ. ಅಮೆರಿಕದ ಅಲಾಸ್ಕಾ 2017ರಲ್ಲಿ, ಇಲಿನಾಯ್ 2018ರಲ್ಲಿ, ಕ್ಯಾಲಿಫೋರ್ನಿಯಾ 2019ರಲ್ಲಿ ಪ್ರಾಣಿಯ ಆರೈಕೆಯನ್ನೂ ನೋಡಿ ನ್ಯಾಯಾಧೀಶರು ತೀರ್ಮಾನಿಸಬಹುದು ಎಂದು ಕಾನೂನು ತಂದವು. ಸ್ಪೇನಿನಲ್ಲಿ 2022ರಿಂದ ಹಾಗೇ. ನಮ್ಮಲ್ಲಿ 2023ರಲ್ಲಿ ಮುಂಬೈಯ ಮ್ಯಾಜಿಸ್ಟ್ರೇಟ್ ಕೋರ್ಟೊಂದು ಹೆಂಡತಿಗೆ ಜೀವನಾಂಶ ಕೊಡಿಸುವಾಗ ಅವರು ಸಾಕಿದ ಮೂರು ನಾಯಿಗಳನ್ನೂ ಲೆಕ್ಕಕ್ಕೆ ಹಿಡಿದದ್ದು ಸುದ್ದಿಯಾಗಿತ್ತು. ಹಾವಿನ ತನಕ ಬರಲು ಇನ್ನೂ ದೂರ ಉಂಟು.

ಆದರೆ ಮಗುವಿನ ವಿಷಯದಲ್ಲಿ ಕಾನೂನು ಹಳೆಯದು ಮತ್ತು ಗಟ್ಟಿ. 1956ರ ಹಿಂದೂ ಅಪ್ರಾಪ್ತವಯಸ್ಕ ಮತ್ತು ಪಾಲಕತ್ವ ಕಾಯಿದೆ ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು ಎನ್ನುತ್ತದೆ. 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯಿದೆಯ ಪ್ರಕಾರ ಬುದ್ಧಿ ಬಂದ ಮಗುವಿನ ಇಷ್ಟವನ್ನು ಕೋರ್ಟು ಕೇಳಬಹುದು. ಮಗು ಸಾಮಾನ್ಯವಾಗಿ ವಾಸವಿರುವ ಊರಿನ ಕೋರ್ಟಿಗೇ ಆ ಅರ್ಜಿ ಹೋಗಬೇಕು. ಅಂದರೆ ಈ ಹುಡುಗಿಯದು ಕಾಸರಗೋಡು, ಮಂಗಳೂರಲ್ಲ. ಕುಟುಂಬ ನ್ಯಾಯಾಲಯದಲ್ಲಿ ಮೊದಲು ಮಾತುಕತೆ, ಆಪ್ತಸಮಾಲೋಚನೆ. ರಾಜಿಗೆ ಪ್ರಯತ್ನಿಸುವುದು ಆ ಕೋರ್ಟಿನ ಕರ್ತವ್ಯವೇ. ಹಾವಿನ ಮಾತನ್ನು ಅಲ್ಲಿ ನಾಚಿಕೆ ಇಲ್ಲದೆ ಎತ್ತಬಹುದು. "ಸಣ್ಣ ವಿಷಯ" ಎಂದು ಬಿಟ್ಟದ್ದೇ ತಿಂಗಳಿಗೆರಡು ಸಲ ದೊಡ್ಡ ಜಗಳ ಆಗುವುದು.

ಅಜ್ಜಿಯ ಮಾತು

ಕಾಸರಗೋಡಿನಲ್ಲಿ, ಒಟ್ಟು ತುಳುನಾಡಿನಲ್ಲೇ, ನಾಗನೆಂದರೆ ಬರೀ ಹಾವಲ್ಲ. ಬನದ ಮರ ಕಡಿಯದ, ತಂಬಿಲ ತಪ್ಪಿಸದ ಮನೆಗಳಿವೆ. ಅಲ್ಲಿ ಪೂಜೆಗೆ ಸಲ್ಲುವುದು ನಾಗರಹಾವು, ಇದು ಆಫ್ರಿಕಾದ ಹೆಬ್ಬಾವು ಅಂತ ಮೊಮ್ಮಗಳು ಪುಸ್ತಕ ತೋರಿಸಿ ಹೇಳಬಹುದು. ಅಜ್ಜಿಗೆ ಅದು ಉತ್ತರ ಅಲ್ಲ. ಆ ಮನೆಯಲ್ಲಿ ಬಾಳುತ್ತಿರುವವರು ಅವರು. ಊರವರ ಮಾತಿಗೂ ಉತ್ತರ ಕೊಡಬೇಕಾದವರು ಅವರೇ. ಅಪ್ಪ ಇದನ್ನು ಮೂಢನಂಬಿಕೆ ಎಂದು ಮಗುವಿನ ಎದುರು ನಕ್ಕರೆ, ಮಗು ಅಜ್ಜಿಮನೆಗೆ ವಾಪಸಾಗುವಾಗ ಆ ನಗುವನ್ನೂ ಹೊತ್ತುಕೊಂಡು ಬರುತ್ತದೆ.

ಹಾಗಾದರೆ ದಾರಿ ಏನು? ಹಾವು ಒಂದೇ ಕಡೆ ಇರಲಿ, ಓಡಾಡುವುದು ಮಗು ಮಾತ್ರ. ಈ ಮನೆಯ ಮಟ್ಟಿಗೆ ಅದು ಅಪ್ಪನ ಫ್ಲ್ಯಾಟೇ ಸರಿ. ನೋಂದಣಿ ಅಲ್ಲಿ, ಫ್ರೀಜರ್ ಅಲ್ಲಿ, ಖರ್ಚು ತಂದವರದ್ದು. ಮಗು ಬರುವ ಶನಿವಾರವೇ ಇಲಿ ಕೊಡುವ ದಿನ ಎಂದಿಟ್ಟುಕೊಂಡರೆ ಅವಳಿಗೂ ಪಾಲು ಸಿಕ್ಕಿತು. ಮುಟ್ಟಿ ಆಡಬೇಕೆಂದರೆ ಇಲಿಯನ್ನು ಭಾನುವಾರ ಹೊರಡುವ ಮುಂಚೆ ಕೊಡಬೇಕು, ಅಷ್ಟೇ ವ್ಯತ್ಯಾಸ. ನಡುವಿನ ದಿನಗಳಿಗೆ ತೂಕ, ಪೊರೆ ಬಿಟ್ಟ ದಿನ, ತಿಂದ ದಿನ ಬರೆದ ನೋಟ್‌ಪುಸ್ತಕ ಅವಳದ್ದೇ ಆಗಿರಲಿ, ಅಪ್ಪ ಫೋನಿನಲ್ಲಿ ಹೇಳಲಿ, ಅವಳು ಬರೆದುಕೊಳ್ಳಲಿ.

ಇದರಲ್ಲೂ ಅಮ್ಮನಿಗೆ ಒಂದು ಸಂಕಟ ಉಳಿಯುತ್ತದೆ: "ಅಪ್ಪನಲ್ಲಿ ಹಾವುಂಟು, ನನ್ನಲ್ಲಿ ಹೋಂವರ್ಕ್ ಉಂಟು." ಬೇರೆಯಾದ ತಂದೆಯರು ಉಡುಗೊರೆ ಕೊಡುವಾಗ ಇದನ್ನು ಯೋಚಿಸುವುದು ಕಮ್ಮಿ. ಹಾಗೆಂದು ಮಗುವಿನ ಕೈಯಿಂದ ಹಾವನ್ನು ಕಿತ್ತುಕೊಂಡರೆ ಆ ಸಂಕಟ ಕಮ್ಮಿಯಾಗುವುದೂ ಇಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾಕ್ಕೆಂದು ತಲಪಾಡಿಯಲ್ಲಿ ರಸ್ತೆ ಮುಚ್ಚಿದ್ದು ನೆನಪಿರಬಹುದು. ಅಂಥ ದಿನಗಳಲ್ಲಿ ಆಚೆಯವರನ್ನು ಈಚೆಯ ಮಗು ನೋಡುವುದು ಫೋನಿನ ಪರದೆಯಲ್ಲಿ ಮಾತ್ರ. ಮಾತಾಡಲು ಏನಾದರೂ ಇರಬೇಕಲ್ಲ, ಒಂದು ಹಾವಾದರೂ.

ಸಾಕಲು ಆಗದು ಎಂದು ಯಾರಿಗಾದರೂ ಅನಿಸಿದರೆ ಕಾಡಿಗೋ ತೋಟಕ್ಕೋ ಬಿಡಬೇಡಿ. ಅದು ಅಪರಾಧ ಮಾತ್ರವಲ್ಲ, ಈ ನೆಲದ ಪ್ರಾಣಿಗಳಿಗೆ ರೋಗ ತಗಲುವ ದಾರಿಯೂ ಹೌದು. ಅರಣ್ಯ ಇಲಾಖೆಗೆ ತಿಳಿಸಿ, ನಿಯಮದ ಪ್ರಕಾರ ಇನ್ನೊಬ್ಬರಿಗೆ ವರ್ಗಾಯಿಸುವುದೇ ದಾರಿ. ಪೆಟ್ಟಿಗೆಯಿಂದ ತಪ್ಪಿಸಿಕೊಂಡರೆ? ಹೆಚ್ಚಾಗಿ ಅದೇ ಕೋಣೆಯಲ್ಲಿ, ಕಪಾಟಿನ ಹಿಂದೆಯೋ ಫ್ರಿಜ್ಜಿನ ಅಡಿಯ ಬೆಚ್ಚಗಿನ ಜಾಗದಲ್ಲೋ ಇರುತ್ತದೆ. ಕೇರಳದ ಭಾಗದಲ್ಲಾದರೆ ಅರಣ್ಯ ಇಲಾಖೆಯ 'ಸರ್ಪ' ಆ್ಯಪ್ ಮೂಲಕ ತರಬೇತಿ ಪಡೆದವರನ್ನು ಕರೆಸಬಹುದು. ಪಕ್ಕದ ಮನೆಯವರಿಗೆ ಮೊದಲೇ ಫೋಟೊ ತೋರಿಸಿ, ವಿಷ ಇಲ್ಲ ಎಂದು ಹೇಳಿಟ್ಟಿದ್ದರೆ ದೊಣ್ಣೆ ಎತ್ತುವ ಮೊದಲು ಒಂದು ಫೋನಾದರೂ ಬಂದೀತು.