ಬೇರೆಯವರ ಹೊಸ ವರ್ಷಕ್ಕೆ ಹೋದಾಗ

ಯುಗಾದಿ ಬಂದರೆ ನಮಗೆ ಹೊಸ ವರ್ಷ. ಮನೆ ಸಾರಿಸುತ್ತೇವೆ. ಬೇವು ಬೆಲ್ಲ ತಿನ್ನುತ್ತೇವೆ. ಎಲ್ಲರಿಗೂ ಹೊಸ ವರ್ಷ ಅದೇ ದಿನವೇ? ಇಲ್ಲ. ಘಟ್ಟದ ಕೆಳಗಿನ ತುಳುವರಿಗೆ ಏಪ್ರಿಲ್ ತಿಂಗಳ ಬಿಸು ಹಬ್ಬ ಹೊಸ ವರ್ಷ. ದೂರದ ಥಾಯ್ಲೆಂಡ್ ದೇಶದವರಿಗೂ ಹೆಚ್ಚುಕಡಿಮೆ ಆಗಲೇ. ಅವರ ಹಬ್ಬದ ಹೆಸರು ಸೊಂಕ್ರಾನ್. ಅದು ಸಂಕ್ರಾಂತಿ ಎಂಬ ಮಾತಿನಿಂದಲೇ ಬಂದದ್ದು! ಅಂದು ಕಿರಿಯರು ಹಿರಿಯರ ಅಂಗೈಗೆ ಪರಿಮಳದ ನೀರು ಹೊಯ್ದು ಆಶೀರ್ವಾದ ಕೇಳುತ್ತಾರೆ.

ಥಾಯ್ಲೆಂಡಿಗೆ ನಾವು ಹೋಗುವುದು ಕಷ್ಟ. ಆದರೆ ಇನ್ನೊಂದು ದೇಶದ ಹೊಸ ವರ್ಷವನ್ನು ನಮ್ಮ ಹತ್ತಿರವೇ ನೋಡಬಹುದು. ಬಾಳ್ಳುಪೇಟೆಯಿಂದ ಹಾಸನಕ್ಕೆ ಹೋಗಿ, ಅರಕಲಗೂಡಿನ ಮೇಲೆ ಕುಶಾಲನಗರ ಸೇರಬೇಕು. ಅಲ್ಲಿ ಕಾವೇರಿ ಹೊಳೆ ದಾಟಿದರೆ ಬೈಲುಕುಪ್ಪೆ. ಅಲ್ಲಿ ಟಿಬೆಟ್ ದೇಶದ ಜನ ಇದ್ದಾರೆ. 1959ರಲ್ಲಿ ಅವರ ಗುರು ದಲೈ ಲಾಮಾ ದೇಶ ಬಿಟ್ಟು ಭಾರತಕ್ಕೆ ಬಂದರು. ಹಿಂದೆಯೇ ಸಾವಿರಾರು ಜನ ಬಂದರು. ಆಗಿನ ಮೈಸೂರು ಸರ್ಕಾರ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಜಾಗ ಕೊಟ್ಟಿತು. ಕಾಡು ಕಡಿದು, ಜೋಳ ಬಿತ್ತಿ, ಅವರು ಊರು ಕಟ್ಟಿಕೊಂಡರು.

ಅವರ ಹೊಸ ವರ್ಷದ ಹೆಸರು ಲೋಸರ್. ಫೆಬ್ರವರಿ ಇಲ್ಲವೇ ಮಾರ್ಚ್‌ನಲ್ಲಿ ಬರುತ್ತದೆ. ಹೆಂಗಸರಿಗೆ ಅಲ್ಲಿಯೂ ಕೆಲಸವೋ ಕೆಲಸ. ಮನೆ ಗುಡಿಸಬೇಕು, ಕಪ್ಸೆ ಎಂಬ ತಿಂಡಿ ಕರಿಯಬೇಕು. ಅದು ನಮ್ಮ ಶಂಕರಪೋಳಿಯ ಅಕ್ಕ ಎನ್ನಿ. ಹಬ್ಬದ ಮುಂಚೆ ಒಂದು ರಾತ್ರಿ ಗುತುಕ್ ಎಂಬ ಗಂಜಿ ಮಾಡುತ್ತಾರೆ. ಅದರಲ್ಲಿ ಹಿಟ್ಟಿನ ಉಂಡೆ ಇರುತ್ತವೆ. ಉಂಡೆಯೊಳಗೆ ಮೆಣಸಿನಕಾಯಿ ಸಿಕ್ಕಿದವರು ಬಾಯಾಳಿ. ಉಣ್ಣೆ ಸಿಕ್ಕಿದವರು ಮೃದು ಮನಸ್ಸಿನವರು. ಇದ್ದಿಲು ಸಿಕ್ಕಿದರೆ ಮನಸ್ಸು ಕಪ್ಪಂತೆ! ಎಲ್ಲರೂ ನಗುತ್ತಾರೆ.

ನಾವು ಹೋದರೆ ಹೇಗಿರಬೇಕು? ಮೊದಲ ದಿನ ಮನೆಯವರದು. ಕರೆಯದೆ ಯಾರ ಮನೆಗೂ ನುಗ್ಗಬಾರದು. ಗುಡಿ ನೋಡಬಹುದು. ಗುಡಿಯೊಳಗೆ ಚಪ್ಪಲಿ ಬೇಡ. ನಮ್ಮ ಪ್ರದಕ್ಷಿಣೆಯ ಹಾಗೆ ಬಲಕ್ಕೇ ಸುತ್ತಬೇಕು. ಬುದ್ಧನ ಕಡೆ ಕಾಲು ಚಾಚಬಾರದು. ಕೆಲವರು ಪ್ರಾರ್ಥನೆಗೆ ಕುಳಿತವರ ಮುಖಕ್ಕೇ ಮೊಬೈಲು ಹಿಡಿಯುತ್ತಾರೆ. ನಮ್ಮ ದೇವರ ಮನೆಗೆ ಯಾರಾದರೂ ಹಾಗೆ ಬಂದರೆ ಸುಮ್ಮನಿರುತ್ತೇವೆಯೇ? ಫೋಟೋ ಬೇಕಾದರೆ ಕೇಳಿ. ಬೇಡ ಎಂದರೆ ಬಿಡಿ.

ಇನ್ನೊಂದು ಮಾತು. ಸಾವಾದ ಮನೆಯಲ್ಲಿ ನಾವು ಹಬ್ಬ ಮಾಡುವುದಿಲ್ಲ. 2008ರಲ್ಲಿ ಟಿಬೆಟಿನಲ್ಲಿ ಗಲಭೆಯಾಗಿ ಜನ ಸತ್ತರು. ಆ ದುಃಖಕ್ಕೆ 2009ರಲ್ಲಿ ಬಹಳ ಮಂದಿ ಟಿಬೆಟಿನವರು ಲೋಸರಿನ ಸಂಭ್ರಮ ಬಿಟ್ಟರು. ಹಾಗಾಗಿ ಈ ಸಲ ಹಬ್ಬ ಉಂಟೇ ಎಂದು ವಿಚಾರಿಸಿ ಹೊರಡಿ.

ಯಾರಾದರೂ ಮನೆಗೆ ಕರೆದರೆ ಸಂತೋಷದಿಂದ ಹೋಗಿ. ಬಾಗಿಲಲ್ಲಿ ‘ಟಾಶಿ ದೆಲೆ’ ಎನ್ನಿ. ಶುಭವಾಗಲಿ ಎಂದು ಅರ್ಥ. ಹುರಿದ ಬಾರ್ಲಿ ಹಿಟ್ಟಿನ ಪೆಟ್ಟಿಗೆ ಮುಂದಿಡುತ್ತಾರೆ. ಚಿಟಿಕೆ ತೆಗೆದು ಮೇಲಕ್ಕೆ ತೂರಿ, ಚೂರು ಬಾಯಿಗೆ ಹಾಕಿಕೊಳ್ಳಬೇಕು. ಆಮೇಲೆ ಚಹಾ ಬರುತ್ತದೆ. ಅದಕ್ಕೆ ಸಕ್ಕರೆಯಲ್ಲ, ಉಪ್ಪು ಮತ್ತು ಬೆಣ್ಣೆ! ಮುಖ ಕಿವುಚಬೇಡಿ. ಕುಡಿದಷ್ಟೂ ಬಟ್ಟಲು ತುಂಬುತ್ತಲೇ ಇರುತ್ತಾರೆ. ಸಾಕು ಅನ್ನಿಸಿದರೆ ಬಟ್ಟಲು ತುಂಬಿದ ಹಾಗೇ ಬಿಡಿ, ಹೊರಡುವಾಗ ಕುಡಿದು ಏಳಿ.