ನಿಸ್ತಂತು ಮೈಕಿಗೆ ಯಾವ ತರಂಗ?

ನಮ್ಮ ರಾಂಪುರದಲ್ಲಿ ಹೋದ ವರ್ಷ ಬಯಲಾಟವಾಯಿತು. ದ್ರೌಪದಿಯ ಮಾನಭಂಗದ ಸನ್ನಿವೇಶ. ಭೀಮನ ಪಾತ್ರಧಾರಿಯು ಗದೆಯನ್ನೆತ್ತಿ ಪ್ರತಿಜ್ಞೆಗೆ ಬಾಯ್ದೆರೆಯುತ್ತಲೇ ಧ್ವನಿವರ್ಧಕದಿಂದ ಹೊರಟದ್ದು ಬಾನುಲಿಯ ಚಲನಚಿತ್ರಗೀತೆ! ಹುಡುಗರು ಶಿಳ್ಳೆ ಹಾಕಿದರು. ಮೂರು ತಿಂಗಳು ತಾಲೀಮು ನಡೆಸಿದ್ದ ಆ ರೈತನು ಬಣ್ಣವನ್ನೂ ತೊಳೆಯದೆ ಮನೆಗೆ ಹೊರಟುಹೋದನು. ಹಾಡು ಯಾವುದೆಂಬುದು ನಮಗೆ ಮರೆತಿದೆ. ಅವನ ಮುಖವು ಮರೆತಿಲ್ಲ.

ಅವನ ಎದೆಗೆ ಸಿಕ್ಕಿಸಿದ್ದ ನಿಸ್ತಂತು ಮೈಕು ಅಗ್ಗದ್ದು. 88ರಿಂದ 108 ಮೆಗಾಹರ್ಟ್ಸಿನವರೆಗಿನ ಎಫ್.ಎಂ. ಬಾನುಲಿಯ ಪಟ್ಟಿಯಲ್ಲಿಯೇ ಮಾತನಾಡತಕ್ಕದ್ದು. ಮೆಗಾಹರ್ಟ್ಸೆಂದರೆ ಸೆಕೆಂಡಿಗೆ ಹತ್ತು ಲಕ್ಷ ಕಂಪನ. ಬಾನುಲಿ ನಿಲಯದ ಬಲವನ್ನು ಕಿಲೋವ್ಯಾಟುಗಳಲ್ಲಿ ಎಣಿಸುವರು. ಇಂಥ ಮೈಕಿನ ಬಲವೋ ಒಂದು ವ್ಯಾಟಿನ ನೂರನೆಯ ಪಾಲಿನ ಆಸುಪಾಸು. ಡೊಳ್ಳಿನ ಮುಂದೆ ಪಿಸುಮಾತು ಕೇಳಿಸೀತೆ?

ಹೊಸ ಮೈಕುಗಳನ್ನು ಕೊಳ್ಳುವ ಮಾತು ಬಂದಾಗ ಸಮಿತಿಯವರು ನಮ್ಮ ಜಗಲಿಗೆ ಬಂದರು. ನಿವೃತ್ತ ಮೇಷ್ಟರಿಗೆ ಪುರುಸೊತ್ತು ಉಂಟೆಂಬುದೇ ಕಾರಣವಿರಬೇಕು. ಅವರಲ್ಲೊಬ್ಬರ ಸೋದರಳಿಯನು ಅಮೆರಿಕದಿಂದ ಉತ್ತಮವಾದ ಜೋಡಿಯನ್ನು ಪುಕ್ಕಟೆಯಾಗಿ ತರುವುದಾಗಿ ಹೇಳಿದ್ದನು. ಬೇಡವೆಂದೆವು. ಬೇಸರಪಟ್ಟರು, ಆದಕಾರಣ ವಿವರಿಸಬೇಕಾಯಿತು.

ಶಬ್ದವು ಆಕಾಶದ ಗುಣವೆಂದು ತರ್ಕಶಾಸ್ತ್ರದಲ್ಲಿ ಓದಿದವರು ನಾವು. ಆ ಆಕಾಶವನ್ನೂ ಸರ್ವೆ ನಂಬರಿನ ಹೊಲಗಳಂತೆ ಹಂಚಿಕೊಂಡಿರುವರೆಂಬುದು ತಡವಾಗಿ ತಿಳಿಯಿತು. 1933ರ ಭಾರತೀಯ ನಿಸ್ತಂತು ಕಾಯಿದೆಯು ಲೈಸೆನ್ಸಿಲ್ಲದೆ ಇಂಥ ಯಂತ್ರವನ್ನು ಇರಿಸಿಕೊಳ್ಳುವುದನ್ನೇ ನಿಷೇಧಿಸಿತು. ನಮ್ಮ ತಂದೆಯವರು ಮನೆಯ ರೇಡಿಯೋ ಪೆಟ್ಟಿಗೆಗೆ ಅಂಚೆಕಚೇರಿಯಲ್ಲಿ ವರ್ಷವರ್ಷವೂ ಹಣ ಕಟ್ಟಿ ಬರುತ್ತಿದ್ದುದು ನೆನಪಿದೆ. ಆ ಕಾಯಿದೆಯ ಸ್ಥಾನಕ್ಕೆಂದು ಸಂಸತ್ತು 2023ರಲ್ಲಿ ದೂರಸಂಪರ್ಕ ಕಾಯಿದೆಯನ್ನು ಅಂಗೀಕರಿಸಿತು. ತರಂಗಕ್ಕೆ ಒಡೆತನವುಂಟೆಂಬ ತತ್ತ್ವ ಮಾತ್ರ ಬದಲಾಗಿಲ್ಲ.

ಒಡೆತನವು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಅಪ್ಪಣೆಯಿರುವ 902ರಿಂದ 928ರ ಪಟ್ಟಿಯ ಒಂದು ಭಾಗವು ಇಲ್ಲಿ ಮೊಬೈಲು ದೂರವಾಣಿಯ ಹೊಲ. ಯೂರೋಪಿನಲ್ಲಿ ಮೈಕುಗಳಿಗೆ ಬಿಟ್ಟಿರುವುದು 863ರಿಂದ 865. ನಮ್ಮ ಅಪ್ಪಣೆಯ ಪಟ್ಟಿ ಸರಿಯಾಗಿ 865ಕ್ಕೇ ಆರಂಭ! ಬೇಲಿಯ ಆಚೆಗೊಂದು, ಈಚೆಗೊಂದು. 700ರ ಆಸುಪಾಸಿನ ಮೈಕುಗಳನ್ನು ಅಮೆರಿಕವೇ 2010ರ ಜೂನ್ 12ರಿಂದ ನಿಷೇಧಿಸಿತು. ನಮ್ಮಲ್ಲಿ ಆ ಪಟ್ಟಿಯು 2022ರ ಹರಾಜಿನಲ್ಲಿ ದೂರವಾಣಿ ಸಂಸ್ಥೆಯ ಪಾಲಾಯಿತು. ಹಳೆಯ ಜೋಡಿಯು ಅಗ್ಗವಾಗಿ ದೊರೆತರೆ ಅಗ್ಗವೇಕೆಂದು ಕೇಳಬೇಕಾದುದು ಇದಕ್ಕಾಗಿ.

ಹಾಗಾದರೆ ನಮಗುಳಿದುದೇನು? ಲೈಸೆನ್ಸಿನ ಗೊಡವೆಯಿಲ್ಲದ ಅಲ್ಪಬಲದ ಪಟ್ಟಿಗಳಲ್ಲಿ ಎರಡು ಮುಖ್ಯ. 865ರಿಂದ 867 ಮೆಗಾಹರ್ಟ್ಸನ್ನು 2005ರಲ್ಲಿ ಬಿಟ್ಟುಕೊಟ್ಟರು; 2021ರಲ್ಲಿ 868ರವರೆಗೆ ವಿಸ್ತರಿಸಿದರು. ಇನ್ನೊಂದು 2400ರಿಂದ 2483.5. ಈ ಎರಡನೆಯದು ಮನೆಯ ವೈಫೈಗೂ ಬ್ಲೂಟೂತಿಗೂ ಸಮಾನವಾದ ಸಂತೆಬೀದಿ. ಅದರ ಅಲೆಯ ಉದ್ದ ಹನ್ನೆರಡೂವರೆ ಸೆಂಟಿಮೀಟರು ಮಾತ್ರ. ನೀರು ತುಂಬಿದ ಮಾನವಶರೀರವು ಅದನ್ನು ಸುಲಭವಾಗಿ ತಡೆಯುವುದು. ಶಾಲೆಯ ಕೊಠಡಿಗೆ ಸಾಕು. ಸಾವಿರ ಜನರ, ಸಾವಿರ ದೂರವಾಣಿಗಳ ಬಯಲಿಗೆ 865ರದೇ ಲೇಸೆಂಬುದು ನಮ್ಮ ಅಭಿಪ್ರಾಯ. ಇತರ ಪಟ್ಟಿ ಬೇಕೆಂದರೆ ದೂರಸಂಪರ್ಕ ಇಲಾಖೆಯ ನಿಸ್ತಂತು ವಿಭಾಗದಿಂದ ಲೈಸೆನ್ಸು ಪಡೆಯಬೇಕು. ಹಳ್ಳಿಯ ಆಟಕ್ಕೆ ಅಷ್ಟು ದೂರದ ಓಡಾಟವೇಕೆ? ಯಾವ ಪಟ್ಟಿಯದಾದರೂ ಇ.ಟಿ.ಎ. ಎಂಬ ಅನುಮೋದನೆಯುಂಟೇ ಎಂದು ಅಂಗಡಿಯವನನ್ನು ಕೇಳತಕ್ಕದ್ದು. ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಕನ್ನಡಕವಿಟ್ಟು ನಾವೇ ಓದತಕ್ಕದ್ದು.

ಮತ್ತೊಂದು ಸೂಕ್ಷ್ಮವುಂಟು. ಮೂರು ಮೈಕುಗಳನ್ನು 865.2, 865.6, 866.0 ಎಂದು ಸಮಾನ ಅಂತರದಲ್ಲಿರಿಸಿದರೆ ಕೆಡುವುದು. ಎರಡನೆಯದನ್ನು ಇಮ್ಮಡಿಸಿ ಮೊದಲನೆಯದನ್ನು ಕಳೆದು ನೋಡಿರಿ: 866.0 ಬರುವುದು. ಮೊದಲೆರಡು ಅಲೆಗಳು ಯಂತ್ರದೊಳಗೆ ಬೆರೆತು ಮೂರನೆಯದರ ಮೇಲೆಯೇ ಹುಸಿ ಅಲೆಯನ್ನು ಹುಟ್ಟಿಸುತ್ತವೆ. ಮೂರನೆಯದನ್ನು 866.4ಕ್ಕೆ ಸರಿಸಿದರೆ ಈ ಬಾಧೆ ತಪ್ಪುವುದು. ಸಮಿತಿಯವರಿಗೆ ಈ ಲೆಕ್ಕವನ್ನು ಸೀಮೆಸುಣ್ಣದಿಂದ ಜಗಲಿಯ ಮೇಲೆ ಬರೆದು ತೋರಿಸಿದೆವು. ಮನೆಯವರು ಗೊಣಗಿಕೊಂಡು ಒರೆಸಿದರು.

ಕೊನೆಗೆ ಕೊಂಡದ್ದು 865ರ ಪಟ್ಟಿಯ ಮೂರು ಮೈಕುಗಳು. ಹಣ ಹೆಚ್ಚಾಯಿತೆಂದು ಕೆಲವರ ಆಕ್ಷೇಪಣೆ ಇನ್ನೂ ಇದೆ. ಮೊನ್ನೆ ಸಂಜೆ ಪರೀಕ್ಷೆಗಾಗಿ ಒಂದನ್ನು ಆ ಭೀಮನ ಕೈಗೇ ಕೊಟ್ಟೆವು. ಆತನು ಬಹಳ ಹೊತ್ತು ಹಿಂಜರಿದು, ಪ್ರತಿಜ್ಞೆಯ ಮಾತನ್ನು ಬಿಟ್ಟು, “ಕೇಳ್ತೈತಾ ಮೇಷ್ಟ್ರೇ?” ಎಂದನು. ಬಯಲಿನ ಕೊನೆಯ ಬೇವಿನಮರದ ಬಳಿ ನಿಂತಿದ್ದ ನಾವು ಕೈಯೆತ್ತಿದೆವು.