ಮಿನಿಕಾಯ್: ಗಾಳದ ಮೇಲೆ ನಿಂತ ದ್ವೀಪ

ಲಕ್ಷದ್ವೀಪಕ್ಕೆ ಹೋದವರ ಮೊಬೈಲ್ ತುಂಬ ನೀಲಿ ನೀರು, ಬಿಳಿ ಮರಳು. ಮಿನಿಕಾಯ್‌ನಲ್ಲೂ ಇವೆರಡಕ್ಕೆ ಬರವಿಲ್ಲ. ಆದರೆ ಈ ದ್ವೀಪದ ಹೊಟ್ಟೆ ತುಂಬಿಸುವುದು ಮರಳಲ್ಲ, ಟ್ಯೂನಾ ಮೀನು. ನಮ್ಮ ಕರಾವಳಿಯವರು ಕೇದಾರ್ ಎಂದು ಕರೆಯುವ ಮೀನಿನ ಬಳಗದ್ದು. ಅದನ್ನು ಇಲ್ಲಿ ಹಿಡಿಯುವುದು ಪರ್ಸೀನ್ ಬಲೆಯಿಂದಲ್ಲ, ಟ್ರಾಲ್ ಬೋಟಿನಿಂದಲೂ ಅಲ್ಲ. ಒಬ್ಬ ಮನುಷ್ಯ, ಒಂದು ಗಳ, ಒಂದು ಗಾಳ, ಒಂದು ಸಲಕ್ಕೆ ಒಂದೇ ಮೀನು.

ಕೊಚ್ಚಿಯಿಂದ ಸುಮಾರು 400 ಕಿ.ಮೀ. ದೂರದಲ್ಲಿ, ಲಕ್ಷದ್ವೀಪದ ಉಳಿದ ದ್ವೀಪಗಳಿಂದಲೂ ದೂರ ಸರಿದು ನಿಂತ ಊರಿದು. ರಾಜಧಾನಿ ಕವರತ್ತಿಗೆ ಸುಮಾರು 250 ಕಿ.ಮೀ. ಆದರೆ ಮಾಲ್ಡೀವ್ಸ್‌ನ ಉತ್ತರದ ತುದಿಗೆ ಅದಕ್ಕಿಂತ ಕಡಿಮೆ. ಹತ್ತು ಕಿಲೋಮೀಟರ್ ಉದ್ದ, ಸೈಕಲ್ಲಿನಲ್ಲಿ ನಿಮಿಷಗಳಲ್ಲಿ ದಾಟಬಹುದಾದಷ್ಟು ಅಗಲ, ಐದು ಚದರ ಕಿಲೋಮೀಟರಿಗೂ ಕಡಿಮೆ ನೆಲ. 2011ರ ಜನಗಣತಿಯಂತೆ ಹತ್ತು ಸಾವಿರ ಚಿಲ್ಲರೆ ಜನ. ಮಿಕ್ಕ ದ್ವೀಪಗಳಲ್ಲಿ ಮಲಯಾಳದ ಬಗೆಯ ಮಾತು ಕೇಳಿದರೆ, ಇಲ್ಲಿ ಮಾಲ್ಡೀವ್ಸ್‌ನ ದಿವೇಹಿಯ ಒಡಹುಟ್ಟಾದ ಮಹಲ್. ಅದರ ತಾನಾ ಲಿಪಿಯನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ.

ಕನ್ನಡಿಗರಿಗೆ ಲಕ್ಷದ್ವೀಪದ ನಂಟು ಹೊಸದೇನಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ಅಲ್ಲಿನ ತೆಂಗಿನ ನಾರಿನ ಹುರಿ ಮಂಗಳೂರಿಗೆ ಬಂದು, ಇಲ್ಲಿಂದ ಅಕ್ಕಿ ಹೋಗುತ್ತಿತ್ತು. ಹಳೆ ಬಂದರಿನಿಂದ ಜಲ್ಲಿ, ಸಿಮೆಂಟು, ತರಕಾರಿ ಹೊತ್ತ ಮಂಜಿಗಳು ಇಂದಿಗೂ ದ್ವೀಪಗಳಿಗೆ ಹೊರಡುತ್ತವೆ. ಮಿನಿಕಾಯ್ ಮಾತ್ರ ಆ ಲೆಕ್ಕಕ್ಕೆ ಸೇರಿದ್ದಲ್ಲ. ಅದು ಕಣ್ಣೂರಿನ ಅರಕ್ಕಲ್ ಅರಸು ಮನೆತನದ ಕೈಯಲ್ಲಿದ್ದು, ಆಮೇಲೆ ಮಲಬಾರ್ ಜಿಲ್ಲೆಗೆ ಸೇರಿತ್ತು.

ಊರಿನೊಳಗೆ ಹತ್ತು ಹಳ್ಳಿಗಳು. ಹಳ್ಳಿಗೆ ಅವರು ಅವಹ್ ಎನ್ನುತ್ತಾರೆ. ಪ್ರತಿ ಹಳ್ಳಿಗೂ ಗಂಡಸರ ಕಡೆಯಿಂದ ಒಬ್ಬ ಬೊಡುಕಾಕ, ಹೆಂಗಸರ ಕಡೆಯಿಂದ ಒಬ್ಬ ಬೊಡುದಾತ ಹಿರಿತನ ವಹಿಸುತ್ತಾರೆ. ಹಳ್ಳಿಗೊಂದು ಸಾರ್ವಜನಿಕ ಮನೆ, ಬಣ್ಣ ಬಳಿದ ಪಂದ್ಯದ ದೋಣಿ. ಊರ ಕೆಲಸಕ್ಕೆ ಕರೆ ಬಂದರೆ ಮನೆಗೊಬ್ಬರು ಹೊರಡಬೇಕು. ಆಸ್ತಿ ತಾಯಿಯ ಕಡೆಯಿಂದ ಬರುವ ಪದ್ಧತಿಯಾದ್ದರಿಂದ, ಅಳಿಯಕಟ್ಟು ಕಂಡ ತುಳುನಾಡಿನವರಿಗೆ ಇದು ವಿಚಿತ್ರ ಎನಿಸದು. ಗಂಡಸರಲ್ಲಿ ಬಹಳ ಮಂದಿ ತಲೆತಲಾಂತರದಿಂದ ಸರಕು ಹಡಗುಗಳ ನಾವಿಕರು. ತಿಂಗಳುಗಟ್ಟಲೆ ಮನೆಯಲ್ಲಿರದ ಗಂಡಸರ ಊರಿನಲ್ಲಿ ಹೆಂಗಸರ ಮಾತಿಗೆ ತೂಕವಿರುವುದರಲ್ಲಿ ಆಶ್ಚರ್ಯವೇನು?

ಕಸುಬಿನ ಕತೆಯನ್ನು ಟ್ಯೂನಾದಿಂದ ಶುರು ಮಾಡಿದರೆ ತಪ್ಪಾಗುತ್ತದೆ. ಅದು ಶುರುವಾಗುವುದು ಬೆರಳುದ್ದದ ಎರೆಮೀನಿನಿಂದ. ದ್ವೀಪದ ಪಶ್ಚಿಮಕ್ಕೆ ಹವಳದ ದಂಡೆ ಬಳಸಿ ನಿಂತ ವಿಶಾಲವಾದ ಲಗೂನ್ ಇದೆ. ಬೆಳಗ್ಗೆ ದೋಣಿಯವರು ಮೊದಲು ಹೋಗುವುದು ಹೊರಗಿನ ಕಡಲಿಗಲ್ಲ, ಈ ಲಗೂನಿಗೆ. ಸಣ್ಣ ಕಣ್ಣಿನ ಚೌಕ ಬಲೆಯನ್ನು ಗಳಗಳಿಗೆ ಕಟ್ಟಿ ನೀರಿನೊಳಗೆ ಇಳಿಸುತ್ತಾರೆ. ಅರೆದ ಮೀನಿನ ಮಾಂಸವನ್ನು ಅದರ ಮೇಲೆ ಚೆಲ್ಲುತ್ತಾರೆ. ಬೆಳ್ಳಿ ಪಟ್ಟಿಯ ಪುಟ್ಟ ಮೀನುಗಳು ಮುತ್ತುತ್ತಲೇ ಬಲೆಯನ್ನು ಸರ್ರನೆ ಎತ್ತುತ್ತಾರೆ. ಇವುಗಳಲ್ಲಿ ಹೊಂದೆಲಿ, ರೇಹಿ ಎಂಬ ಜಾತಿಗಳಿಗೆ ಬೇಡಿಕೆ ಹೆಚ್ಚು.

ಹಿಡಿದರಷ್ಟೇ ಸಾಲದು, ಅವು ಬದುಕಿರಬೇಕು. ದೋಣಿಯ ಹೊಟ್ಟೆಯಲ್ಲಿ ಒಂದು ತೊಟ್ಟಿ. ತಳದಲ್ಲಿ ತೂತುಗಳು, ತೂತುಗಳಿಗೆ ಬೆಣೆ. ಬೆಣೆ ತೆಗೆದರೆ ಕಡಲ ನೀರು ಒಳಗೆ ಬಂದು ಹೊರಗೆ ಹೋಗುತ್ತ, ತೊಟ್ಟಿಯ ನೀರು ಸದಾ ಹೊಸದಾಗಿರುತ್ತದೆ. ದೋಣಿಗೆ ಬೇಕೆಂದೇ ತೂತು ಕೊರೆದು, ಆ ತೂತಿನಿಂದಲೇ ಅನ್ನ ಹುಟ್ಟಿಸಿಕೊಂಡ ಈ ಉಪಾಯದಷ್ಟು ಜಾಣತನವನ್ನು ನಾನು ಯಾವ ಹೊಸ ಯಂತ್ರದಲ್ಲೂ ಕಂಡಿಲ್ಲ.

ಹೊರಕಡಲಿಗೆ ಬಂದ ಮೇಲೆ ಕಣ್ಣೆಲ್ಲ ಹಕ್ಕಿಗಳ ಮೇಲೆ. ರೀವ ಹಕ್ಕಿಗಳು ಗುಂಪಾಗಿ ನೀರಿಗೆ ಎರಗುತ್ತಿದ್ದರೆ ಕೆಳಗೆ ಟ್ಯೂನಾ ಹಿಂಡಿದೆ ಎಂದೇ ಲೆಕ್ಕ. ತೇಲುವ ಮರದ ದಿಮ್ಮಿಯ ಕೆಳಗೂ ಹಿಂಡು ಇರುವುದುಂಟು. ದೋಣಿ ಹತ್ತಿರವಾಗುತ್ತಿದ್ದಂತೆ ಒಬ್ಬ ತೊಟ್ಟಿಯಿಂದ ಜೀವಂತ ಎರೆಯನ್ನು ಹಿಡಿ ಹಿಡಿಯಾಗಿ ಎಸೆಯುತ್ತಾನೆ. ಮತ್ತೊಬ್ಬ ನೀರು ಚಿಮ್ಮಿಸುತ್ತಾನೆ. ಮೊದಲು ಕೈಯಿಂದ ಎರಚುತ್ತಿದ್ದರು, ಈಗ ಪಂಪು ಬಂದಿದೆ. ಮೇಲ್ಮೈ ಕಲಕಿದಾಗ ದೋಣಿಯೂ ಆಳೂ ಮೀನಿಗೆ ಕಾಣುವುದಿಲ್ಲ. ಸಣ್ಣ ಮೀನುಗಳ ದೊಡ್ಡ ಹಿಂಡೇ ಬೆದರಿ ಓಡುತ್ತಿದೆ ಎಂದು ಟ್ಯೂನಾ ಹುಚ್ಚೆದ್ದು ನುಗ್ಗುತ್ತದೆ.

ದೋಣಿಯ ಹಿಂಬದಿಯ ಅಟ್ಟಣೆಯ ಮೇಲೆ ಗಳ ಹಿಡಿದವರು ಸಾಲಾಗಿ ನಿಂತಿರುತ್ತಾರೆ. ಗಾಳಕ್ಕೆ ಎರೆ ಚುಚ್ಚುವುದಿಲ್ಲ. ಹೊಳೆಯುವ ಕೊಕ್ಕೆಯನ್ನೇ ಅದು ಮೀನೆಂದು ನುಂಗುತ್ತದೆ. ಕೊಕ್ಕೆಗೆ ಹಿಮ್ಮುಳ್ಳೂ ಇಲ್ಲ. ಇದ್ದರೆ ಪ್ರತಿ ಮೀನನ್ನೂ ಕೈಯಿಂದ ಬಿಡಿಸುತ್ತ ಕೂರಬೇಕು. ಕಚ್ಚಿದ್ದೇ ತಡ, ಗಳವನ್ನು ಹಿಂದಕ್ಕೆ ಬೀಸಿದರೆ ಮೀನು ತಲೆಯ ಮೇಲಿಂದ ಹಾರಿ, ದಾರ ಸಡಿಲಾದ ಕ್ಷಣ ತಾನೇ ಕಳಚಿಕೊಂಡು ದೋಣಿಯೊಳಗೆ ದೊಪ್ಪೆಂದು ಬೀಳುತ್ತದೆ. ಕೊಕ್ಕೆ ಆಗಲೇ ಮತ್ತೆ ನೀರಿನಲ್ಲಿ. ಹಿಂಡು ನಿಂತಷ್ಟು ಹೊತ್ತು ಇದೇ. ಹಿಂಡು ಮುಳುಗಿತೋ, ಗಳಗಳೆಲ್ಲ ಕೆಳಗೆ. ಹೀಗೆ ಸಿಗುವುದರಲ್ಲಿ ಹೆಚ್ಚಿನದು ಸ್ಕಿಪ್‌ಜ್ಯಾಕ್, ಅವರ ಮಾತಿನಲ್ಲಿ ಕಳುಬಿಲಮಸ್. ಬೇಡದ ಜಾತಿಯ ಮೀನು, ಆಮೆ ಸಿಕ್ಕಿ ಸಾಯುವ ಪ್ರಶ್ನೆಯೇ ಇಲ್ಲವೆನ್ನುವಷ್ಟು ಕಡಿಮೆ. ಬಂದದ್ದನ್ನು ದೋಣಿಯ ಒಡೆಯನಿಗೂ ಆಳುಗಳಿಗೂ ಪಾಲಿನ ಲೆಕ್ಕದಲ್ಲಿ ಹಂಚುತ್ತಾರೆ. 1960ರ ದಶಕದಲ್ಲಿ ಯಂತ್ರದ ದೋಣಿಗಳು ಬಂದ ಮೇಲೆ ಮಿನಿಕಾಯ್‌ನ ಈ ವಿದ್ಯೆ ಲಕ್ಷದ್ವೀಪದ ಬೇರೆ ದ್ವೀಪಗಳಿಗೂ ಹರಡಿತು.

ಟ್ಯೂನಾದ ಕೆಂಪು ಮಾಂಸ ಬಿಸಿಲಿನಲ್ಲಿ ಬೇಗ ಕೆಡುತ್ತದೆ. ಕೆಟ್ಟದ್ದನ್ನು ತಿಂದರೆ ಅದರಲ್ಲಿ ಸೇರಿಕೊಂಡ ಹಿಸ್ಟಮಿನ್‌ನಿಂದ ಮುಖ ಕೆಂಪೇರಿ ಮೈ ತುರಿಸುತ್ತದೆ. ಐಸೇ ಇಲ್ಲದ ಕಾಲದ ದ್ವೀಪದವರು ಇದಕ್ಕೆ ಕಂಡುಕೊಂಡ ಪರಿಹಾರ ಮಾಸ್‌ಮೀನ್. ತಲೆ, ಕರುಳು ತೆಗೆದು, ಮೀನನ್ನು ಉದ್ದಕ್ಕೆ ನಾಲ್ಕು ಸೀಳಾಗಿಸಿ, ಉಪ್ಪುನೀರಿನಲ್ಲಿ ಬೇಯಿಸುತ್ತಾರೆ. ಆಮೇಲೆ ತೆಂಗಿನ ಸಿಪ್ಪೆಯ ಹೊಗೆ, ಅದರ ಮೇಲೆ ದಿನಗಟ್ಟಲೆ ಬಿಸಿಲು. ಕೊನೆಗೆ ಕೈಗೆ ಬರುವ ಕಂದುಗಪ್ಪು ತುಂಡು ಬೀಟೆಮರದ ಚಕ್ಕೆಯಂತಿರುತ್ತದೆ, ಮೇಜಿಗೆ ಬಡಿದರೆ ಟಣ್ ಎನ್ನುತ್ತದೆ. ವರ್ಷವಿಟ್ಟರೂ ಕೆಡದು. ಕೆತ್ತಿ, ಕುಟ್ಟಿ, ತೆಂಗಿನತುರಿ, ಈರುಳ್ಳಿ, ನಿಂಬೆಹುಳಿ ಹಾಕಿ ಕಲಸಿದರೆ ಗಂಜಿಗೆ ಬೇರೇನೂ ಬೇಡ. ಶ್ರೀಲಂಕಾದ ಅಡುಗೆಮನೆಗಳಲ್ಲಿ ಉಂಬಲಕಡ ಎಂದು ಕರೆಸಿಕೊಳ್ಳುವುದು ಇದರದೇ ಬಳಗ, ಜಪಾನಿನ ಕತ್ಸುಒಬುಶಿಗೂ ಮೂಲ ಇದೇ ಮೀನು. ಬೇಯಿಸಿದ ನೀರನ್ನೂ ಚೆಲ್ಲುವುದಿಲ್ಲ. ಅದನ್ನು ಬತ್ತಿಸಿ ಬತ್ತಿಸಿ ಮಾಡುವ ಗಟ್ಟಿ ಕಂದು ಲೇಹ್ಯಕ್ಕೆ ರಿಹಾಕುರು ಎಂದು ಹೆಸರು. ಅದರ ಘಾಟು ಮೊದಲ ಸಲ ಮೂಗಿಗೆ ಬಿದ್ದವರು ಹಿಂದೆ ಸರಿದರೆ ತಪ್ಪೇನಿಲ್ಲ.

1969ರಲ್ಲಿ ಇಲ್ಲಿ ಟ್ಯೂನಾ ಡಬ್ಬಿ ಕಾರ್ಖಾನೆಯೂ ಶುರುವಾಯಿತು. ಡಬ್ಬಿಯ ಮೀನು ಚೆನ್ನಾಗಿಯೇ ಇದೆ. ಆದರೆ ಡಬ್ಬಿ ಜಗತ್ತಿನ ಯಾವ ಮೂಲೆಯಲ್ಲೂ ಸಿಗುತ್ತದೆ, ಹೊಗೆ ಕುಡಿದ ಈ ಮಾಸ್‌ಮೀನ್ ಸಿಗುವುದಿಲ್ಲ.

ಇಷ್ಟೆಲ್ಲದರ ಬುಡ ಆ ಬೆರಳುದ್ದದ ಎರೆಮೀನು. ಕಡಲಿನಲ್ಲಿ ಟ್ಯೂನಾ ಎಷ್ಟೇ ಇರಲಿ, ಲಗೂನಿನಲ್ಲಿ ಎರೆ ಸಿಗದ ದಿನ ದೋಣಿ ಹೊರಗೆ ಹೋಗಿ ಪ್ರಯೋಜನವಿಲ್ಲ. ಎರೆಮೀನುಗಳಲ್ಲಿ ಹಲವು ಜಾತಿಗಳು ಹವಳದ ಸಂದುಗಳನ್ನೇ ನಂಬಿವೆ. 1998, 2010, 2016ರಲ್ಲಿ ಕಡಲು ಬಿಸಿಯೇರಿ ಲಕ್ಷದ್ವೀಪದ ಹವಳಗಳು ಬಿಳಿಚಿಕೊಂಡವು. ಹವಳ ಸಾಯುವುದೆಂದರೆ ಪ್ರವಾಸಿಗೆ ಒಂದು ಒಳ್ಳೆಯ ಫೋಟೊ ತಪ್ಪಿಹೋದಂತೆ, ಮಿನಿಕಾಯ್‌ನವನಿಗೆ ನಾಳಿನ ಎರೆ. ಬೆಂಗಳೂರಿನ ದಕ್ಷಿಣ್ ಫೌಂಡೇಷನ್ ಲಕ್ಷದ್ವೀಪದ ಮೀನುಗಾರರ ಕೈಯಲ್ಲೇ ದಿನದ ಎರೆ, ಟ್ಯೂನಾಗಳ ಲೆಕ್ಕ ಬರೆಸುವ ಕೆಲಸ ಮಾಡಿದೆ. ಏರಿಳಿತ ಮೊದಲು ತಿಳಿಯಬೇಕಾದದ್ದು ದೋಣಿಯವರಿಗೇ ತಾನೆ.

ಹೋಗಬೇಕೆನ್ನುವವರು ಮೊದಲು ಪ್ರವೇಶ ಪರವಾನಗಿ ಮಾಡಿಸಿಕೊಳ್ಳಬೇಕು. ಮಿನಿಕಾಯ್‌ನಲ್ಲಿ ವಿಮಾನ ಇಳಿಯುವುದಿಲ್ಲ, ಕೊಚ್ಚಿಯಿಂದ ಹಡಗೇ ಗತಿ. ಮಳೆಗಾಲ ಬಿಟ್ಟು ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಹೋದರೆ ಕಡಲೂ ಶಾಂತ, ಮೀನಿನ ಹಂಗಾಮೂ ಅದೇ. 1885ರಲ್ಲಿ ಬ್ರಿಟಿಷರು ಕಟ್ಟಿದ ದೀಪಸ್ತಂಭ ಹತ್ತಲು ಬಿಟ್ಟರೆ ಹತ್ತಿ. ಒಂದು ಕಡೆ ಲಗೂನ್, ಇನ್ನೊಂದು ಕಡೆ ತೆರೆದ ಕಡಲು, ನಡುವೆ ತೆಂಗಿನ ತಲೆಗಳ ಕೆಳಗೆ ಇಡೀ ಊರು ಒಂದೇ ನೋಟಕ್ಕೆ ಸಿಗುತ್ತದೆ. ದೋಣಿಗಳು ಮರಳುವ ಹೊತ್ತಿಗೆ ಮಾತ್ರ ದಡದಲ್ಲಿರಿ. ಮಾಸ್‌ಮೀನ್ ಕೊಂಡರೆ ಎರಡು ಪ್ಲಾಸ್ಟಿಕ್ ಚೀಲ ಸುತ್ತಿ, ಬಟ್ಟೆಯ ಬ್ಯಾಗಿನಿಂದ ದೂರ ಇಡಿ. ಹಡಗಿನ ಒಂದು ರಾತ್ರಿಗೆ ಅಂಗಿಗಳಿಗೆಲ್ಲ ಹೊಗೆ ಹತ್ತುತ್ತದೆ.